ಗಾಂಧಾರ ಸರಿ ಮಾಡಿಸ್ಕೊಂಡು ಬಂದೆ: ದಾವಣಗೆರೆಯ ಬೋರ್ಡಿಲ್ಲದ ಹಾರ್ಮೋನಿಯಂ ಅಂಗಡಿ ಬಗ್ಗೆ

ಮನೇಲಿ ಹಾರ್ಮೋನಿಯಂ ಇಟ್ಕೊಂಡು ಒಂದೇ ಶ್ರುತಿಲಿ ಕೂತು ವಚನ, ಭಜನೆ, ರಾಗ ಹಾಡೋರಿಗೆ ಅಂತ ಇದನ್ನ ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ, ಯಾಕಂದ್ರೆ ಬರೀ "ಒಳ್ಳೇ ಅಂಗಡಿ, ರೇಟ್ ಕಮ್ಮಿ" ಅಂತ ಬರೆದ್ರೆ ಅಲ್ಲಿ ಏನು ಮಾಡ್ತಾರೆ ಅನ್ನೋದೇ ಗೊತ್ತಾಗಲ್ಲ, ಗೊತ್ತಿಲ್ದೆ ಪೆಟ್ಟಿಗೆ ಕೊಟ್ಟು ಬಂದ್ರೆ ಆಮೇಲೆ ಬೇಜಾರಾಗೋ ಚಾನ್ಸೂ ಇದೆ. ಐದಕ್ಕೆ ನಾಲ್ಕೂವರೆ ಕೊಡ್ತೀನಿ, ಅರ್ಧ ಯಾಕೆ ಕಟ್ ಮಾಡಿದೆ ಅಂತ ಕೊನೇಲಿ ಹೇಳ್ತೀನಿ.

ನಮ್ಮ ಹತ್ರ ಇರೋದು ಅಪ್ಪನ ಕಾಲದ ಪೆಟ್ಟಿಗೆ. 42 ಮನೆ (ಬೆರಳಲ್ಲಿ ಒತ್ತೋ ಕೀ), ಎರಡು ಸಾಲು ರೀಡು (ಗಾಳಿಗೆ ಆಡಿ ನುಡಿಯೋ ತಗಡು), ಅಂದ್ರೆ ಒಟ್ಟು 84 ಹಿತ್ತಾಳೆ ರೀಡು. ಅಪ್ಪ ಹೋದ್ಮೇಲೆ ಬಹಳ ವರ್ಷ ಅಟ್ಟದ ಮೇಲೆ ಬಟ್ಟೆ ಸುತ್ತಿ ಇಟ್ಟಿದ್ವಿ. ನಾನು ಮತ್ತೆ ಹಾಡೋಕೆ ಶುರು ಮಾಡಿದ್ಮೇಲೆ ಇಳಿಸಿ, ಬೇರೆ ಊರಲ್ಲಿ ಒಂದು ದೊಡ್ಡ ಅಂಗಡಿಗೆ ಕೊಟ್ಟು ತಿದಿ ಹೊಲಿಸಿ ಪೂರ್ತಿ ಟ್ಯೂನ್ ಮಾಡಿಸ್ದೆ. ಅವರು ಮೊಬೈಲ್ ಟ್ಯೂನರ್ ಇಟ್ಕೊಂಡು ಪ್ರತಿ ಮನೆನೂ ಹಸಿರು ದೀಪ ಬರೋ ತನಕ ಕೂರಿಸಿ ಕೊಟ್ರು, ನನ್ನ ಮುಂದೇನೇ ತೋರಿಸಿದ್ರು. ಆದ್ರೆ ಮನೆಗೆ ತಂದು ತಂಬೂರಿ ಹಾಕ್ಕೊಂಡು ಭೂಪ್ ರಾಗ ಶುರು ಮಾಡಿದ್ರೆ ಗಾಂಧಾರಕ್ಕೆ, ಅಂದ್ರೆ ಸರಿಗಮದ ಗಾಕ್ಕೆ, ಬಂದಾಗೆಲ್ಲಾ ಏನೋ ಒಂದು ಗರಗರ. ತಂಬೂರಿ ಒಂದ್ಕಡೆ ಎಳೆಯುತ್ತೆ, ಪೆಟ್ಟಿಗೆ ಒಂದ್ಕಡೆ ಎಳೆಯುತ್ತೆ, ಗಂಟಲು ನಡುವೆ. ಪೆಟ್ಟಿಗೆ ಬಿಟ್ಟು ಬರೀ ತಂಬೂರಿಗೆ ಹಾಡಿದ್ರೆ ಆರಾಮಾಗಿ ಕೂರೋ ಗಾಂಧಾರ ಪೆಟ್ಟಿಗೆ ಜೊತೆ ಕೂರೋದೇ ಇಲ್ಲ. ಎರಡು ವರ್ಷ ನನ್ನ ಕಿವಿನೇ ಸರಿ ಇಲ್ಲ ಅಂದ್ಕೊಂಡೇ ಇದ್ದೆ, ನಿಜ ಹೇಳ್ಬೇಕಂದ್ರೆ ಹಾಡೋದೇ ಕಮ್ಮಿ ಮಾಡ್ಬಿಟ್ಟಿದ್ದೆ.

ಆಮೇಲೆ ನಮ್ಮ ಸೋಮವಾರದ ಭಜನೆಗೆ ಬರೋ ಒಬ್ರು ಹಿರಿಯರು ಈ ಅಂಗಡಿ ಹೇಳಿದ್ರು. ಹಳೇ ದಾವಣಗೆರೆ, ಚೌಕಿಪೇಟೆ ಕಡೆ ಒಂದು ಗಲ್ಲಿ, ಬೋರ್ಡ್ ಇಲ್ಲ, ಬಾಗ್ಲಲ್ಲಿ ನಿಂತ್ರೆ ಒಳಗಡೆ ಹಾರ್ಮೋನಿಯಂ ಒಂದರ ಮೇಲೊಂದು ಜೋಡಿಸಿರೋದು ಕಾಣುತ್ತೆ, ಅದೇ ಗುರುತು. ಕಾರು ಹೋಗಲ್ಲ, ಬೈಕ್ ಹೋಗುತ್ತೆ, ಪೆಟ್ಟಿಗೆ ದೊಡ್ಡದಿದ್ರೆ ಆಟೋದಲ್ಲಿ ಗಲ್ಲಿ ಬಾಯಿ ತನಕ ತಂದು ಹೊತ್ಕೊಂಡು ಹೋಗ್ಬೇಕು. ರಿಪೇರಿ ಮಾಡೋ ಮಾಸ್ತರ್‌ಗೆ ಎಪ್ಪತ್ತರ ಮೇಲಾಗಿದೆ, ವಯಸ್ಸಿದ್ದಾಗ ನಾಟಕ ಕಂಪನಿಗಳ ಕಾಲ್ ಪೆಟ್ಟಿಗೆ (ಕಾಲಲ್ಲಿ ತುಳಿದು ಗಾಳಿ ಕೊಡೋ ಹಾರ್ಮೋನಿಯಂ) ರಿಪೇರಿ ಮಾಡ್ಕೊಂಡು ಊರೂರು ತಿರುಗಿದೋರು. ದಾವಣಗೆರೆ ಅಂದ್ರೆ ಚಿಂದೋಡಿ ಲೀಲಾ ಅವರ ಊರು, ಕೆ.ಬಿ.ಆರ್. ಡ್ರಾಮಾ ಕಂಪನಿ ಊರು, ಪೆಟ್ಟಿಗೆ ಬಲ್ಲೋರು ಇಲ್ಲಿ ಇರೋದ್ರಲ್ಲಿ ಆಶ್ಚರ್ಯ ಏನಿಲ್ಲ.

ನಾನು ಹೋಗಿ "ಗಾಂಧಾರ ಕೆಟ್ಟಿದೆ, ನೋಡ್ರಿ" ಅಂದೆ. ಅವರು ತಿದಿ ಒತ್ತಿ ಐದು ನಿಮಿಷ ಬಾರಿಸಿ, "ತಮ್ಮಾ, ಪೆಟ್ಟಿಗಿ ಕೆಟ್ಟಿಲ್ಲ, ಸಮ ಮಾಡ್ಯಾರ. ಸಮ ಮಾಡಿದ್ರ ಗಾಂಧಾರ ಹಿಂಗ ಇರೋದು" ಅಂದ್ರು. ನನಗೆ ಅರ್ಥ ಆಗ್ಲಿಲ್ಲ. ಆಗ ಅವರು ಮಾಡಿ ತೋರಿಸಿದ್ದು ನೋಡಿ, ಇದನ್ನ ಯಾರ ಮನೇಲಿ ಪೆಟ್ಟಿಗೆ ಇದ್ಯೋ ಅವರೆಲ್ಲ ಈಗ್ಲೇ ಮಾಡಿ ನೋಡ್ಬಹುದು. ನನ್ನ ಸಾ, ಅಂದ್ರೆ ಹಾಡೋಕೆ ಆಧಾರದ ಸ್ವರ, ಕರಿ ಒಂದು, ಮೊದಲನೇ ಕರಿ ಮನೆ. ಕರಿ ಒಂದು ಮತ್ತೆ ಕರಿ ನಾಕು, ಅಂದ್ರೆ ಸಾ ಮತ್ತೆ ಪಾ, ಎರಡನ್ನೂ ಒಟ್ಟಿಗೆ ಒತ್ತಿ ಹಿಡಿದು ನಿಧಾನಕ್ಕೆ ಗಾಳಿ ಕೊಟ್ರು. ಕಣ್ಣು ಮುಚ್ಚಿ ಕೇಳಿದ್ರೆ ನಾದ ತುಂಬಾ ಮೆಲ್ಲಗೆ ಉಬ್ಬಿ ಇಳಿಯುತ್ತೆ, ಸೆಕೆಂಡಿಗೆ ಹೆಚ್ಚು ಕಮ್ಮಿ ಒಂದು ಸಲ, ಕೆರೆ ನೀರು ದಡಕ್ಕೆ ಬಂದು ಹೋಗೋ ಹಾಗೆ. ಆಮೇಲೆ ಕರಿ ಒಂದು, ಬಿಳಿ ನಾಕು ಹಿಡಿದ್ರು, ಸಾ ಮತ್ತೆ ಗಾ. ಅಲೆ ಎಣಿಸೋಕೇ ಆಗಲ್ಲ, ಅಷ್ಟು ಜೋರು. ಅದೇ ನಾನು ಎರಡು ವರ್ಷದಿಂದ ಕೇಳ್ತಿದ್ದ ಗರಗರ.

ಮನೆಗೆ ಬಂದು ಲೆಕ್ಕ ಹಾಕ್ದೆ. ಕರಿ ಒಂದು ಅಂದ್ರೆ ಸೆಕೆಂಡಿಗೆ ಸುಮಾರು 277 ಕಂಪನ. ಯಾವ ರೀಡೂ ಬರೀ ತನ್ನ ಸ್ವರ ಒಂದನ್ನೇ ನುಡಿಯಲ್ಲ, ಅದರ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು, ಐದು ಪಟ್ಟು ಎಲ್ಲ ಒಳಗೊಳಗೇ ನುಡೀತಿರುತ್ತೆ. ಸಾ ಇಂದ ಐದನೇ ಪಟ್ಟು 1386ರ ಹತ್ರ. ಟ್ಯೂನರ್‌ನಲ್ಲಿ ಹಸಿರು ತೋರಿಸೋ ಗಾಂಧಾರ 349.2, ಅದರ ನಾಲ್ಕನೇ ಪಟ್ಟು 1397ರ ಹತ್ರ. ಇವೆರಡೂ ಒಂದೇ ಕಡೆ ಬಂದು ಕೂರಬೇಕಾದ ನಾದಗಳು, ನಡುವೆ 11 ವ್ಯತ್ಯಾಸ ಇರೋದ್ರಿಂದ ಸೆಕೆಂಡಿಗೆ 11 ಸಲ ಒಂದಕ್ಕೊಂದು ಬಡ್ಕೊಳ್ತಾವೆ. ಗಾಂಧಾರ ಸರಿಯಾಗಿ ಸಾ ಜೊತೆ 5:4 ಅನುಪಾತದಲ್ಲಿ ಇದ್ರೆ, ಅಂದ್ರೆ 346.5ರಲ್ಲಿ ಇದ್ರೆ, ಅಲೆನೇ ಇರಲ್ಲ. ತಂಬೂರಿಲಿ ಜೀವಾಳಿ (ತಂತಿ ಕೆಳಗಿಡೋ ದಾರ) ಚೆನ್ನಾಗಿ ಕೂರಿಸಿದಾಗ ಯಾರೂ ಮೀಟದೇನೇ ಒಂದು ಗಾಂಧಾರ ಕೇಳ್ಸುತ್ತಲ್ಲ, ಸ್ವಯಂಭೂ ಗಾಂಧಾರ ಅಂತಾರೆ, ಅದು ಇದೇ ಐದನೇ ಪಟ್ಟು. ನನ್ನ ಗಂಟಲು ಹೋಗಿ ಕೂರ್ತಿದ್ದಿದ್ದು ಅದರ ಮೇಲೆ. ಅಂದ್ರೆ ಕಿವಿ ಸರಿಯಾಗೇ ಇತ್ತು! ಅವತ್ತು ರಾತ್ರಿ ನನಗೆ ಆದ ಸಮಾಧಾನ ಇಲ್ಲಿ ಬರೆಯೋಕೆ ಬರಲ್ಲ.

ಹಾಗಾದ್ರೆ ಎಲ್ಲರೂ ಯಾಕೆ ತಪ್ಪು ಗಾಂಧಾರನೇ ಕೂರಿಸ್ತಾರೆ? ತಪ್ಪು ಅನ್ನೋದು ನ್ಯಾಯ ಅಲ್ಲ, ಅದೊಂದು ರಾಜಿ. ಲೆಕ್ಕಕ್ಕೆ ಸುಲಭ ಆಗ್ಲಿ ಅಂತ ಸಾ 240 ಅಂದ್ಕೊಳ್ಳಿ. ಅದರ ಶುದ್ಧ ಗಾಂಧಾರ 300. ಆ ಗಾಂಧಾರನೇ ಸಾ ಮಾಡ್ಕೊಂಡು ಅದರ ಗಾಂಧಾರ ಹುಡುಕಿದ್ರೆ 375. ಇನ್ನೊಂದು ಮೆಟ್ಲು ಹತ್ತಿದ್ರೆ 468.75. ಪೆಟ್ಟಿಗೆ ಮೇಲೆ ಮೂರು ಸಲ ಗಾಂಧಾರ ಹತ್ತಿದ್ರೆ ಬೆರಳು ಸೀದಾ ಮೇಲಿನ ಸಾ ಮೇಲೆ ಹೋಗಿ ಕೂರುತ್ತೆ, ಆದ್ರೆ ಮೇಲಿನ ಸಾ 480 ಇರ್ಬೇಕು! 11 ಚಿಲ್ಲರೆ ಕಂಪನ ಕೊರತೆ. ಪಂಚಮದ ಕಥೆ ಉಲ್ಟಾ, ಪಂಚಮದ ಮೇಲೆ ಪಂಚಮ ಅಂತ ಹನ್ನೆರಡು ಸಲ ಹತ್ತಿದ್ರೆ ಏಳು ಸಪ್ತಕ (ಒಂದು ಸಾ ಇಂದ ಮೇಲಿನ ಸಾ ತನಕ ಒಂದು ಸಪ್ತಕ) ಮೇಲಿನ ಸಾ ಸಿಗ್ಬೇಕು, ಅದು 128 ಪಟ್ಟು, ಆದ್ರೆ ಸಿಗೋದು 129.75 ಪಟ್ಟು, ಚೂರು ಜಾಸ್ತಿ. ಹೇಗೇ ಮಾಡಿದ್ರೂ ಲೆಕ್ಕ ಕೂಡಿ ಬರಲ್ಲ, ಎರಡು ಮತ್ತೆ ಮೂರು, ಎರಡು ಮತ್ತೆ ಐದು, ಇವು ಎಷ್ಟು ಸಲ ಗುಣಿಸಿದ್ರೂ ಒಂದಕ್ಕೊಂದು ಸೇರೋ ಸಂಖ್ಯೆಗಳೇ ಅಲ್ಲ. ಅದಕ್ಕೆ ಏನು ಮಾಡಿದ್ರು ಅಂದ್ರೆ ಸಪ್ತಕನ ಹನ್ನೆರಡು ಸಮ ಪಾಲು ಮಾಡಿ, ಪ್ರತಿ ಮನೆನೂ ಹಿಂದಿನ ಮನೆಗಿಂತ 1.05946 ಪಟ್ಟು ಅಂತ ಕೂರಿಸಿದ್ರು. ಚೀನಾದ ಝೂ ಝೈಯು ಅನ್ನೋ ರಾಜಕುಮಾರ 1584ರಲ್ಲೇ ಈ ಲೆಕ್ಕ ಬಿಡಿಸಿಟ್ಟಿದ್ದ, ಯುರೋಪಲ್ಲಿ ಅದೇ ಸುಮಾರಿಗೆ ಸೈಮನ್ ಸ್ಟೆವಿನ್ ಕೂಡ ಇದನ್ನೇ ಹಿಡಿದಿದ್ದ.

ಈ ಸಮಪಾಲಿನಲ್ಲಿ ನಷ್ಟ ಎಲ್ಲ ಸ್ವರಕ್ಕೂ ಒಂದೇ ಥರ ಆಗಲ್ಲ, ಮುಖ್ಯ ವಿಷಯ ಇದೇ. ಒಂದು ಮನೆಗೆ 100 ಸೆಂಟ್, ಸಪ್ತಕಕ್ಕೆ 1200 ಅಂತ ಅಳತೆ ಇದೆ, ಇಂಗ್ಲೆಂಡಿನ ಅಲೆಕ್ಸಾಂಡರ್ ಎಲ್ಲಿಸ್ 1880ರ ದಶಕದಲ್ಲಿ ಮಾಡಿದ್ದು. ಪಂಚಮ 702 ಇರ್ಬೇಕಾದ್ದು 700 ಆಗುತ್ತೆ, ಬರೀ ಎರಡು ಕಮ್ಮಿ, ಯಾರ ಕಿವಿಗೂ ಬೇಜಾರಿಲ್ಲ. ಮಧ್ಯಮ (ಮಾ) ಎರಡು ಜಾಸ್ತಿ. ಆದ್ರೆ ಗಾಂಧಾರ 386 ಇರ್ಬೇಕಾದ್ದು 400, ಹತ್ರ ಹತ್ರ 14 ಜಾಸ್ತಿ. ಧೈವತ (ಧಾ) 884 ಇರ್ಬೇಕಾದ್ದು 900. ನಿಷಾದ (ನಿ) 1088 ಇರ್ಬೇಕಾದ್ದು 1100. ಕೋಮಲ ಗಾಂಧಾರ, ಅಂದ್ರೆ ಒಂದು ಮನೆ ಕೆಳಗಿನ ಗಾ, 316 ಇರ್ಬೇಕಾದ್ದು 300, ಅದು ಉಲ್ಟಾ ಕೆಳಗೆ ಬಿದ್ದಿರುತ್ತೆ. ಭೂಪ್, ಯಮನ್ ಹಾಡೋನಿಗೆ ಗಾಂಧಾರ, ಧೈವತ, ನಿಷಾದ ಮೂರೂ ಏರಿ ಕೂತಿದ್ರೆ ಇನ್ನೇನು ಉಳೀತು ಹೇಳಿ.

ಮಾಸ್ತರ್ ಇದ್ಯಾವ ಅಂಕಿನೂ ಹೇಳ್ಲಿಲ್ಲ, ಅವರು ಹೇಳಿದ್ದು ಬೇರೆ, ಅದು ನನ್ನ ಲೆಕ್ಕಕ್ಕಿಂತ ಚೆನ್ನಾಗಿತ್ತು. "ಕಂಪನಿಯೊಳಗ ಒಬ್ಬಾಕಿ ಕರಿ ನಾಕಕ್ಕ ಹಾಡ್ತಿದ್ಲು, ಅವಳ ಮುಂದ ನಿಂತ ರಾಜ ಬಿಳಿ ಎರಡಕ್ಕ ಹಾಡಾವ. ಒಂದೇ ಸೀನು. ಅಲ್ಲಿ ಸಮ ಮಾಡಿದ ಪೆಟ್ಟಿಗಿನ ಬೇಕು, ಇಲ್ಲಾಂದ್ರ ಮಾಸ್ತರ್ ಎರಡು ಪೆಟ್ಟಿಗಿ ಹೊರಬೇಕಾಕ್ಕತಿ. ನೀ ಒಬ್ಬನ ಕುಂತು ಒಂದ ಸಾಕ್ಕ ಹಾಡಾವ. ನಿನಗ ಸಮ ಯಾಕ ಬೇಕು?" ಅಂದ್ರು. ಅಂದ್ರೆ ಎಲ್ಲ ಶ್ರುತಿಗೂ ಅಷ್ಟಷ್ಟು ಸರಿ ಇರೋ ಪೆಟ್ಟಿಗೆ ಬೇಕಾ, ಒಂದೇ ಶ್ರುತಿಗೆ ಪೂರ್ತಿ ಸರಿ ಇರೋದು ಬೇಕಾ ಅಂತ ತೀರ್ಮಾನ ಮಾಡ್ಬೇಕಾದ್ದು ನಾವು. ಮಹಾರಾಷ್ಟ್ರದ ಕಡೆ ಈ ಎರಡನೇದನ್ನ ಗಾಂಧಾರ ಟ್ಯೂನಿಂಗ್ ಅಂತ ಕರೀತಾರೆ. ಮಾಸ್ತರ್ ಭಾಷೇಲಿ "ಸಾ ಹಿಡಿದ ಪೆಟ್ಟಿಗಿ".

ಈ ಅಂಗಡಿ ಬಗ್ಗೆ ನನಗೆ ಗೌರವ ಬಂದಿದ್ದು ಪೆಟ್ಟಿಗೆ ತಗೊಳ್ಳೋಕೆ ಮುಂಚೆ ಅವರು ಕೇಳಿದ ಪ್ರಶ್ನೆಗಳಿಂದ. ಸಾ ಯಾವುದು, ಮುಂದೆ ಬದಲಾಯಿಸ್ತೀಯಾ, ಮನೇಲಿ ಬೇರೆ ಯಾರು ಹಾಡ್ತಾರೆ, ಅವರ ಸಾ ಯಾವುದು, ಯಾವ್ಯಾವ ರಾಗ ಜಾಸ್ತಿ ಹಾಡ್ತೀಯ, ಕೋಮಲ ನಿಷಾದ ಬಳಸ್ತೀಯಾ. ಒಂದು ವಾರ ಯೋಚನೆ ಮಾಡ್ಕೊಂಡು ಬಾ ಅಂತ ವಾಪಸ್ ಕಳ್ಸಿದ್ರು! ಯಾಕಂದ್ರೆ ರೀಡನ್ನ ಒಂದು ಸಲ ಅರ ಹಾಕಿ ಕೆರೆದ್ರೆ ಹೋದ ಹಿತ್ತಾಳೆ ವಾಪಸ್ ಬರಲ್ಲ. ಸ್ವರ ಏರಿಸ್ಬೇಕಂದ್ರೆ ರೀಡಿನ ತುದಿ ಕೆರೀತಾರೆ, ತುದಿ ಹಗುರ ಆಗಿ ಬೇಗ ಬೇಗ ಆಡುತ್ತೆ. ಇಳಿಸ್ಬೇಕಂದ್ರೆ ರಿವೆಟ್ ಹೊಡೆದಿರೋ ಬುಡದ ಹತ್ರ ಕೆರೀತಾರೆ, ಬುಡ ತೆಳುವಾಗಿ ಬಿಗಿ ಕಮ್ಮಿ ಆಗುತ್ತೆ. ಎರಡರಲ್ಲೂ ಲೋಹ ಸವೆಯುತ್ತೆ. ಹಾಗಾಗಿ ಈ ವರ್ಷ ಕರಿ ಒಂದು, ಬರೋ ವರ್ಷ ಬಿಳಿ ಎರಡು ಅಂತ ಮನಸ್ಸು ಬದಲಾಯಿಸೋರು ಇದಕ್ಕೆ ಕೈ ಹಾಕ್ಲೇಬೇಡಿ.

ಕೆಲಸ ಮಾಡುವಾಗ ಒಂದು ಮಧ್ಯಾಹ್ನ ಪೂರ್ತಿ ಪಕ್ಕದಲ್ಲಿ ಕೂತಿದ್ದೆ, ಬೇಡ ಅನ್ಲಿಲ್ಲ. ಟ್ಯೂನರ್ ಮುಟ್ಟೋದು ಒಂದೇ ಸಲ, ಸಾ ಇಟ್ಕೊಳ್ಳೋಕೆ. ಅಲ್ಲಿಂದ ಮುಂದೆ ಬರೀ ಕಿವಿ. ಸಾ ಹಿಡಿದು ಅಲೆ ನಿಲ್ಲೋ ತನಕ ಪಾ. ಮೇಲಿನ ಸಾ ಹಿಡಿದು ಮಾ. ಸಾ ಹಿಡಿದು ಗಾ. ಇಷ್ಟು ಕೂತ್ಮೇಲೆ ಉಳಿದಿದ್ದೆಲ್ಲ ಇವುಗಳಿಂದಲೇ ಹುಟ್ಟುತ್ತೆ, ಅದನ್ನ ನೋಡೋದೇ ಒಂದು ಚೆಂದ. ಮಾ ಅನ್ನ ಸಾ ಅಂದ್ಕೊಂಡು ಅದರ ಗಾಂಧಾರ ಕೂರಿಸಿದ್ರೆ ಅದೇ ನಮ್ಮ ಧಾ. ಪಾ ಇಂದ ಗಾಂಧಾರ ಕೂರಿಸಿದ್ರೆ ನಿ. ಪಾ ಇಂದ ಪಂಚಮ ತೆಗೆದು ಒಂದು ಸಪ್ತಕ ಇಳಿಸಿದ್ರೆ ರೀ. ಆ ರೀ ಇಂದ ಗಾಂಧಾರ ತೆಗೆದ್ರೆ ತೀವ್ರ ಮಧ್ಯಮ (ಒಂದು ಮನೆ ಮೇಲಿನ ಮಾ). ಪಾ ಯಾವ ಸ್ವರಕ್ಕೆ ಗಾಂಧಾರ ಆಗುತ್ತೋ ಅದು ಕೋಮಲ ಗಾಂಧಾರ, ಮೇಲಿನ ಸಾ ಯಾವುದಕ್ಕೆ ಗಾಂಧಾರ ಆಗುತ್ತೋ ಅದು ಕೋಮಲ ಧೈವತ, ಮಾ ಯಾವುದಕ್ಕೆ ಆಗುತ್ತೋ ಅದು ಕೋಮಲ ರಿಷಭ. ಮಾ ಇಂದ ಮಧ್ಯಮ ತೆಗೆದ್ರೆ ಕೋಮಲ ನಿಷಾದ. ಹನ್ನೆರಡೂ ಮುಗೀತು, ಪಂಚಮ ಮತ್ತೆ ಗಾಂಧಾರ ಎರಡೇ ಸಂಬಂಧದ ಮೇಲೆ. ಕೆರೆಯೋದು, ಕೂರಿಸೋದು, ಕೇಳೋದು, ಮತ್ತೆ ತೆಗೆದು ಒಂದೇ ಒಂದು ಗೀರು ಎಳೆಯೋದು. ಅಂತ ಒಂದು ಗೀರಿಗೆ ಅಲೆ ಅರ್ಧ ನಿಧಾನ ಆಗಿದ್ದು ನಾನೇ ಕೇಳಿದೀನಿ.

ಮನೆಗೆ ತಂದ ದಿನ ತಂಬೂರಿ ಹಾಕಿ ಸಾ ಹಿಡಿದೆ, ಗಾ ಒತ್ತಿದೆ. ಗರಗರ ಇಲ್ಲ. ಎರಡು ಸ್ವರ ಅಂತಾನೇ ಅನಿಸ್ಲಿಲ್ಲ, ಒಂದೇ ನಾದ ಅಗಲ ಆದ ಹಾಗೆ ಇತ್ತು. ಹೆಂಡತಿಗೆ ಸಂಗೀತ ಗೊತ್ತಿಲ್ಲ, ಅಡುಗೆ ಮನೆಯಿಂದ ಬಂದು "ಹೊಸ ಪೆಟ್ಗೆ ತಂದ್ರಾ?" ಅಂದ್ಲು. ಆಸೆಗೆ ಟ್ಯೂನರ್ ಇಟ್ಟು ನೋಡಿದೆ. ಗಾಂಧಾರಕ್ಕೆ 14 ಕಮ್ಮಿ ಅಂತ ಕೆಂಪು ದೀಪ, ಧೈವತ 16 ಕಮ್ಮಿ, ನಿಷಾದ 12 ಕಮ್ಮಿ, ಕೋಮಲ ಗಾಂಧಾರ 15 ಜಾಸ್ತಿ. ಒಂದೆರಡು ಸೆಂಟ್ ಆಚೆ ಈಚೆ ಬಿಟ್ರೆ ಕಿವಿಲಿ ಕೂರಿಸಿದ್ದು ಲೆಕ್ಕಕ್ಕೆ ಸರಿಯಾಗಿ ಬಂದಿತ್ತು. ಈ ಅಂಗಡಿಲಿ ಮಾಡಿಸ್ಕೊಂಡ್ಮೇಲೆ ಟ್ಯೂನರ್ ಕೆಂಪು ತೋರಿಸಿದ್ರೆ ಗಾಬರಿ ಆಗ್ಬೇಡಿ, ಟ್ಯೂನರ್‌ಗೆ ಗೊತ್ತಿರೋದು ಸಮಪಾಲು ಮಾತ್ರ.

ಈಗ ಇದರಿಂದ ಏನೇನು ಕಳ್ಕೊಳ್ತೀವಿ ಅನ್ನೋದೂ ಹೇಳ್ಬೇಕು, ಯಾಕಂದ್ರೆ ಇದೂ ಪೂರ್ತಿ ಶುದ್ಧ ಅಲ್ಲ, ಆಗೋಕೂ ಸಾಧ್ಯ ಇಲ್ಲ. ನಮ್ಮದೇ ಸಾ ಒಳಗೂ ಒಂದು ತೊಂದರೆ ಇದೆ. ರೀ ಬಂದಿದ್ದು ಪಂಚಮದ ದಾರಿಲಿ, ಧಾ ಬಂದಿದ್ದು ಗಾಂಧಾರದ ದಾರಿಲಿ. ರೀ ಮತ್ತೆ ಧಾ ಒಟ್ಟಿಗೆ ಹಿಡಿದ್ರೆ ಸಾ ಪಾ ಥರ ಇರ್ಬೇಕು, ಆದ್ರೆ 702 ಬದ್ಲು 680 ಇರುತ್ತೆ, 22 ಸೆಂಟ್ ಹತ್ರ ಕೊರತೆ, ಕೇಳೋಕೆ ಕಷ್ಟ. ಸಮ ಮಾಡಿದ ಪೆಟ್ಟಿಗೇಲಿ ಈ ತೊಂದರೆ ಇರಲ್ಲ. ನಾನು ರೀ ಧಾ ಒಟ್ಟಿಗೆ ಒತ್ತಲ್ಲ, ಸಾ ಜೊತೆಗೆ ಒಂದೊಂದೇ ಸ್ವರ ನಡೆಸ್ತೀನಿ, ಹಾಗಾಗಿ ನನಗೆ ನಡೆಯುತ್ತೆ. ಕಾರ್ಡ್ಸ್ ಹಿಡಿದು ಬಾರಿಸೋ ಹುಡುಗರಿಗೆ ನಡೆಯಲ್ಲ. ಇನ್ನೊಂದು, ದೇಶ್ಕಾರ್ ರಾಗದ ಧೈವತ ಭೂಪ್‌ಗಿಂತ ಚೂರು ಮೇಲೆ ಅಂತ ಗಾಯಕರು ಹೇಳ್ತಾರೆ, ಪೆಟ್ಟಿಗೇಲಿ ಒಂದೇ ಧೈವತ, ಎರಡರಲ್ಲಿ ಒಂದನ್ನ ಬಿಡ್ಲೇಬೇಕು. ದರ್ಬಾರಿ ರಾಗದ ಆಂದೋಲನದ (ತೂಗಾಡೋ) ಗಾಂಧಾರಕ್ಕಂತೂ ಯಾವ ಟ್ಯೂನಿಂಗೂ ಸಾಲಲ್ಲ, ಅದು ಒಂದು ಕಡೆ ನಿಲ್ಲೋ ಸ್ವರನೇ ಅಲ್ಲ.

ಮನೆಯವರ ಶ್ರುತಿ ವಿಷಯದಲ್ಲಿ ನನಗೆ ಅದೃಷ್ಟ ಇತ್ತು. ಮಗಳು ಹಾಡೋದು ಕರಿ ನಾಕಕ್ಕೆ, ಅದು ನನ್ನ ಪಂಚಮ. ಪಂಚಮನ ಸಾ ಮಾಡ್ಕೊಂಡ್ರೆ ಅವಳಿಗೆ ಗಾ, ಮಾ, ಪಾ, ಧಾ, ನಿ ಎಲ್ಲ ಶುದ್ಧವಾಗೇ ಸಿಗುತ್ತೆ, ರೀ ಒಂದು ಮಾತ್ರ 22 ಸೆಂಟ್ ಇಳಿದಿರುತ್ತೆ, ಅಷ್ಟೇ. ಹಾಗಾಗಿ ಅವಳ ಅಭ್ಯಾಸಕ್ಕೆ ತೊಂದರೆ ಆಗ್ಲಿಲ್ಲ. ಆದ್ರೆ ಹಬ್ಬಕ್ಕೆ ಅತ್ತಿಗೆ ಬಂದಾಗ ಗೊತ್ತಾಯ್ತು, ಅವರದ್ದು ಕರಿ ಐದು, ಅಂದ್ರೆ ನನ್ನ ಧೈವತ. ಅವರ ಗಾಂಧಾರ ಬಂದು ಬೀಳೋದು ನನ್ನ ಕೋಮಲ ರಿಷಭದ ಮೇಲೆ, ಅದು 386 ಬದ್ಲು 427. ಸಮ ಮಾಡಿದ ಪೆಟ್ಟಿಗೆ 14 ತಪ್ಪಿದ್ರೆ ಇದು 41 ತಪ್ಪು! ಪಾಪ ಅವರು ಒಂದು ಸಾಲು ಹಾಡಿ ನಿಲ್ಲಿಸಿ "ಇದು ಕೆಟ್ಟು ಹೋಗಿದೆ ಅಲ್ವಾ" ಅಂದ್ರು. ಪೆಟ್ಟಿಗೆ ಪಕ್ಕಕ್ಕಿಟ್ಟು ಬರೀ ತಂಬೂರಿಗೆ ಹಾಡಿದ್ರು. ಸ್ಕೇಲ್ ಚೇಂಜರ್ ಪೆಟ್ಟಿಗೆ (ಮನೆಗಳ ಪಟ್ಟಿನೇ ಸರಿಸಿ ಶ್ರುತಿ ಬದಲಾಯಿಸೋದು) ಇರೋರಿಗೂ ಇದೇ ಮಾತು, ಪಟ್ಟಿ ಸರಿಸಿದ್ರೆ ಮನೆ ಸರಿಯುತ್ತೆ, ರೀಡು ಇದ್ದಲ್ಲೇ ಇರುತ್ತೆ, ಸಾ ಹಿಡಿದ ಟ್ಯೂನಿಂಗ್ ಅಲ್ಲಿಗೆ ಮುಗೀತು. ಸ್ಕೇಲ್ ಚೇಂಜರ್‌ಗೆ ಜಾಸ್ತಿ ದುಡ್ಡು ಕೊಟ್ಟಿರೋರು ಇದನ್ನ ಮಾಡಿಸೋದ್ರಲ್ಲಿ ಅರ್ಥ ಇಲ್ಲ.

ಇದನ್ನ ನಮ್ಮ ಭಜನೆ ಗುಂಪಲ್ಲಿ ಹೇಳಿದಾಗ ಒಬ್ರು, ನಮ್ಮಲ್ಲಿ 22 ಶ್ರುತಿ (ಸಪ್ತಕದೊಳಗಿನ ಸೂಕ್ಷ್ಮ ಸ್ವರಸ್ಥಾನ) ಇದಾವಲ್ಲ, ಸಪ್ತಕನ 22 ಸಮ ಪಾಲು ಮಾಡಿದ್ರೆ ಮುಗೀತಲ್ಲ ಅಂದ್ರು. ತುಂಬಾ ಜನ ಹೀಗೇ ಅಂದ್ಕೊಂಡಿದಾರೆ, ಆದ್ರೆ 22 ಸಮ ಪಾಲು ಮಾಡಿದ್ರೆ ಒಂದೊಂದು ಪಾಲು 54.5 ಸೆಂಟ್, ಅದರಲ್ಲಿ ಪಂಚಮಕ್ಕೆ ಹತ್ರ ಬರೋದು 13ನೇದು, ಅದು 709. ಪಂಚಮನೇ ಏಳು ಸೆಂಟ್ ಏರಿ ಕೂತ್ರೆ ತಂಬೂರಿ ಮುಂದೆ ಒಂದು ನಿಮಿಷನೂ ಕೂರೋಕಾಗಲ್ಲ. 31 ಪಾಲು ಮಾಡಿದ್ರೆ ಗಾಂಧಾರ ಅದ್ಭುತ, ಒಂದು ಸೆಂಟ್ ಒಳಗೆ ಬರುತ್ತೆ, ಆದ್ರೆ ಪಂಚಮ ಐದು ಸೆಂಟ್ ಇಳಿಯುತ್ತೆ. ಎರಡೂ ಒಟ್ಟಿಗೆ ಕೂರೋದು 53ರಲ್ಲಿ. ಸಪ್ತಕಕ್ಕೆ 53 ಪಾಲು ಮಾಡಿದ್ರೆ 31ನೇ ಪಾಲಲ್ಲಿ ಪಂಚಮ, ವ್ಯತ್ಯಾಸ ಒಂದು ಸೆಂಟಿನ ಹತ್ತನೇ ಒಂದು ಭಾಗಕ್ಕಿಂತ ಕಮ್ಮಿ, 17ನೇ ಪಾಲಲ್ಲಿ ಗಾಂಧಾರ, ಅದು ಒಂದೂವರೆ ಸೆಂಟ್ ಒಳಗೆ. ಬೋಸಾಂಕೆಟ್ ಅನ್ನೋ ಇಂಗ್ಲಿಷಿನವನು 1870ರ ದಶಕದಲ್ಲಿ ಇಂಥ 53ರ ಹಾರ್ಮೋನಿಯಂ ಮಾಡಿಸೇ ಬಿಟ್ಟಿದ್ದ. ಬಾರಿಸೋಕೆ ಎಷ್ಟು ಕೈ ಬೇಕು ಅನ್ನೋದು ಬೇರೆ ಪ್ರಶ್ನೆ.

ನಮ್ಮ ಕಡೆನೂ ಈ ಯೋಚನೆ ಹಳೇದು. ಸಾಂಗ್ಲಿಯ ದೇವಲ್ ಅವರು, ಕ್ಲೆಮೆಂಟ್ಸ್ ಅನ್ನೋ ಬ್ರಿಟಿಷ್ ಜಡ್ಜು ಸೇರಿ 1910ರ ದಶಕದಲ್ಲಿ ಶ್ರುತಿ ಹಾರ್ಮೋನಿಯಂ ಮಾಡಿಸಿದ್ರು. ದೇವಲ್ ಅವರ ಶ್ರುತಿ ಪ್ರಯೋಗಕ್ಕೆ ಹಾಡಿದೋರು ಅಬ್ದುಲ್ ಕರೀಂ ಖಾನ್ ಸಾಹೇಬ್ರು, ನಮ್ಮ ಕುಂದಗೋಳದ ಸವಾಯಿ ಗಂಧರ್ವರ ಗುರುಗಳು. ಆಮೇಲೆ 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂನ ಹೊರಗೇ ಹಾಕ್ತು, 1971ರ ತನಕ. ಹೊರಗೆ ಹಾಕಿದ್ದಕ್ಕೆ ಮೀಂಡ್ (ಒಂದು ಸ್ವರದಿಂದ ಇನ್ನೊಂದಕ್ಕೆ ಜಾರೋದು) ಬರಲ್ಲ ಅನ್ನೋದರ ಜೊತೆ ಈ ಸಮಪಾಲಿನ ಸ್ವರವೂ ಒಂದು ಕಾರಣ. ನನಗನ್ಸೋದು, ವಾದ್ಯಕ್ಕೆ ಶಿಕ್ಷೆ ಕೊಡೋ ಬದ್ಲು ರೀಡಿಗೆ ಒಂದು ಗೀರು ಎಳೆದಿದ್ರೆ ಅರ್ಧ ಜಗಳ ಮುಗೀತಿತ್ತು. ಹಳ್ಳಿ ಹಳ್ಳಿಲಿ ಭಜನೆ ಮಾಡೋರಿಗೆ, ತಂಬೂರಿ ಕೊಳ್ಳೋಕಾಗದೋರಿಗೆ ಸ್ವರ ಕೊಟ್ಟಿದ್ದು ಇದೇ ಪೆಟ್ಟಿಗೆ, ಅದನ್ನ ಬೈಯೋದು ನನಗೆ ಯಾವತ್ತೂ ಇಷ್ಟ ಆಗಲ್ಲ.

ಸರಿ, ಅಂಗಡಿ ವಿಷಯಕ್ಕೆ ಬರ್ತೀನಿ. 84 ರೀಡು ಟ್ಯೂನಿಂಗ್, ತಿದಿಯ ಒಂದು ಮೂಲೆ ಗಾಳಿ ಸೋರ್ತಿತ್ತು ಅದಕ್ಕೆ ಹೊಸ ಚರ್ಮ, ಎರಡು ಸ್ಪ್ರಿಂಗು, ಎಲ್ಲ ಸೇರಿ 2,800 ತಗೊಂಡ್ರು. ಕೆಲಸ ನೋಡಿದ್ರೆ ಕಮ್ಮಿನೇ. ಅರ್ಧ ಮಾರ್ಕು ಯಾಕೆ ಕಟ್ ಅಂದ್ರೆ, ನಾಲ್ಕು ದಿನ ಅಂದೋರು ಹನ್ನೊಂದು ದಿನ ಮಾಡಿದ್ರು. ಫೋನ್ ಮಾಡಿದ್ರೆ ಎತ್ತಲ್ಲ, ಕೆರೀತಾ ಇರುವಾಗ ಫೋನು ಪಕ್ಕದ ಮನೇಲಿ ಇಟ್ಟಿರ್ತಾರೆ. ಆದ್ರೆ ತಡ ಆಗಿದ್ದಕ್ಕೆ ಒಂದು ಕಾರಣನೂ ಇತ್ತು, ಕೆರೆದ ರೀಡು ಮೂರ್ನಾಲ್ಕು ದಿನ ಬಿಟ್ರೆ ಒಂದೆರಡು ಸೆಂಟ್ ಜಾರುತ್ತೆ, ಹಾಗೇ ಬಿಟ್ಟು ಮತ್ತೆ ಒಂದು ಸುತ್ತು ಕೇಳಿ ಸರಿ ಮಾಡಿ ಕೊಡ್ತಾರೆ. ಅದನ್ನ ಮೊದ್ಲೇ ಹೇಳಿದ್ರೆ ಮೂರು ಸಲ ಬಂದು ವಾಪಸ್ ಹೋಗೋದು ತಪ್ಪುತ್ತಿತ್ತು. ಬಿಲ್ಲು ಕೊಡಲ್ಲ. ಕೂರೋಕೆ ಒಂದು ಸ್ಟೂಲು, ಅದರ ಮೇಲೂ ಯಾರದೋ ಪೆಟ್ಟಿಗೆ ಇರುತ್ತೆ. ಮೇಲಿನ ಸಪ್ತಕದ ಒಂದು ರೀಡು ಮನೆಗೆ ಬಂದ್ಮೇಲೆ ಕುಂಯ್ ಅಂತು, ತಗೊಂಡು ಹೋದೆ, ಎದುರಿಗೇ ತೆಗೆದು ಧೂಳು ಊದಿ ಕೂರಿಸಿ ಕೊಟ್ರು, ದುಡ್ಡು ತಗೊಳ್ಲಿಲ್ಲ.

ಹೋಗೋರು ಬೆಳಿಗ್ಗೆ ಹನ್ನೊಂದರ ಮೇಲೆ ಹೋಗಿ, ಮಧ್ಯಾಹ್ನ ಎರಡರಿಂದ ನಾಲ್ಕು ಮುಚ್ಚಿರುತ್ತೆ, ಆ ಹೊತ್ತಲ್ಲಿ ಹೋದ್ರೆ ಮಂಡಕ್ಕಿ ಮೆಣಸಿನಕಾಯಿ ತಿಂದ್ಕೊಂಡು ಕಾಯ್ಬೇಕಾಗುತ್ತೆ. ನಿಮ್ಮ ಸಾ ಯಾವುದು ಅಂತ ಗಟ್ಟಿ ಮಾಡ್ಕೊಂಡೇ ಹೋಗಿ, ಬೆಳಿಗ್ಗೆ ಒಂದು ಸಂಜೆ ಒಂದು ಅಂತ ಎರಡು ಹೊತ್ತು ಒಂದು ವಾರ ಹಾಡಿ ನೋಡಿ. ಆರ್ಕೆಸ್ಟ್ರಾ, ಕೀಬೋರ್ಡು, ಗಿಟಾರ್ ಜೊತೆ ಬಾರಿಸೋರು ಸಮ ಟ್ಯೂನಿಂಗೇ ಇಟ್ಕೊಳ್ಳಿ, ಆ ವಾದ್ಯಗಳೆಲ್ಲ ಸಮಪಾಲಿನಲ್ಲೇ ಇರೋದು, ನಿಮ್ಮ ಒಬ್ಬರ ಗಾಂಧಾರ ಸರಿ ಇದ್ರೆ ಜಗಳ ಜಾಸ್ತಿ ಆಗುತ್ತೆ. ಇದನ್ನೂ ಈ ಮಾಸ್ತರೇ ಅಷ್ಟೇ ಚೆನ್ನಾಗಿ ಮಾಡಿ ಕೊಡ್ತಾರೆ, ನಾನು ಕೂತಿದ್ದ ದಿನ ಒಬ್ಬ ಹುಡುಗ ಅದಕ್ಕೇ ಬಂದಿದ್ದ, ಅವನಿಗೆ ಸಾ ಹಿಡಿದದ್ದು ಮಾಡಿಸ್ಕೋ ಅಂತ ಒಂದು ಮಾತೂ ಹೇಳ್ಲಿಲ್ಲ.

ಪೆಟ್ಟಿಗೆ ಕೊಡೋ ದಿನ ಮುಚ್ಚಳ ತೆಗೆದು ಒಳಗಡೆ ಮರದ ಮೇಲೆ ಪೆನ್ಸಿಲ್ಲಲ್ಲಿ "ಸಾ ಕರಿ 1, ಸಮ ಅಲ್ಲ" ಅಂತ ಬರೆದು ಕೆಳಗೆ ತಾರೀಕು ಹಾಕಿದ್ರು. ಯಾಕೆ ಅಂತ ಕೇಳ್ದೆ. "ಮುಂದ ಯಾರರ ಬಿಚ್ಚಿದ್ರ ಕೆಟ್ಟೈತಿ ಅಂತ ತಿಳ್ಕೊಂಡು ಸಮ ಮಾಡ್ಯಾರು, ಅದಕ್ಕ" ಅಂದ್ರು. ಅದರ ಪಕ್ಕದಲ್ಲೇ ಅಪ್ಪನ ಕೈಬರಹದಲ್ಲಿ ಮಾಸಿದ ಇಂಕಲ್ಲಿ ಇನ್ನೊಂದು ಸಾಲಿತ್ತು, ನಾನು ಅವತ್ತೇ ಮೊದಲ ಸಲ ನೋಡಿದ್ದು. "ಸಾ ಕರಿ 1."